ಸಾಲು ಹಿಡಿದ ಅಡವಿ

ನಮ್ಮ ಪಡಸಾಲೆಯಲ್ಲಿ ಯುದ್ಧ ನಡೆಯುತ್ತಿದೆ ಎಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯವರೊಬ್ಬರು ಮಾತ್ರ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಾಗ ಒಮ್ಮೆ ಇಣುಕಿ ನೋಡಿದರು. ಕಲ್ಲಿನ ಮೇಜಿನ ಮೇಲೆ ಹಸಿರು ಬಣ್ಣದ ಹಾಸು, ಹಾಸಿನ ತುಂಬ ಗಿಡಗಳು, ಗಿಡಗಳ ನಡುವೆ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಗೊಂಬೆಗಳು.

"ದೀಪಾವಳಿ ಮುಗದು ತಿಂಗಳಾತಲ್ರೀ ಟೀಚರ್, ಇನ್ನಾ ಪಾಂಡವ್ರನ್ನ ಎತ್ತಿಲ್ಲೇನು?" ಎಂದರು.

ನಮ್ಮ ಕಡೆ ದೀಪಾವಳಿಗೆ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಹೂ ಸಿಕ್ಕಿಸಿ ಇಡುತ್ತಾರೆ. ನನ್ನ ಪಾಂಡವರ ಕೈಯಲ್ಲಿ ಬಂದೂಕುಗಳಿದ್ದವು, ತಲೆಗೆ ಟೋಪಿಗಳಿದ್ದವು. ಅವರು ಅದನ್ನು ಗಮನಿಸಲಿಲ್ಲ. "ನಾಳಿಗಿ ಎತ್ತತೀನ್ರಿ" ಎಂದು ಮಜ್ಜಿಗೆ ಕೊಟ್ಟು ಕಳಿಸಿದೆ. ಬಿಡಿಸಿ ಹೇಳಲು ಹೋಗಿದ್ದರೆ ಡ್ರಾಯಿಂಗ್ ಟೀಚರಿಗೆ ತಲೆ ಕೆಟ್ಟಿದೆ, ಗೊಂಬೆ ಆಡುತ್ತಾರೆ ಎಂಬ ಸುದ್ದಿ ನನಗಿಂತ ಮುಂಚೆ ಶಾಲೆ ಮುಟ್ಟುತ್ತಿತ್ತು.

ನಾನು ಶಹಾಬಾದಿನ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ನನ್ನ ಗಂಡ ಆಗ ಚಿಂಚೋಳಿ ಅಡವಿಯಲ್ಲಿ ಗಾರ್ಡ್ ಆಗಿದ್ದರು. ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುವುದು. ಚಿಂಚೋಳಿಯಿಂದ ಸೇಡಂ, ಸೇಡಂನಿಂದ ಚಿತ್ತಾಪುರ, ಅಲ್ಲಿಂದ ವಾಡಿ, ವಾಡಿಯಿಂದ ಶಹಾಬಾದ್. ಬಸ್ಸು ತಪ್ಪಿದರೆ ರೈಲು, ರೈಲು ತಪ್ಪಿದರೆ ಟಂಟಂ. ಮನೆ ಮುಟ್ಟುವಷ್ಟರಲ್ಲಿ ಅವರ ಅರ್ಧ ರಜೆ ರಸ್ತೆಯಲ್ಲೇ ಮುಗಿದಿರುತ್ತಿತ್ತು. ಮದುವೆಯಾದಾಗಿನಿಂದ ನಮ್ಮ ಸಂಸಾರ ಹೀಗೇ ನಡೆದಿತ್ತು. ಮಕ್ಕಳಾಗಲಿಲ್ಲ. ಸಂಜೆ ಶಾಲೆಯಿಂದ ಬಂದು ಬೀಗ ತೆಗೆದರೆ ಬೆಳಿಗ್ಗೆ ನಾನು ಇಟ್ಟು ಹೋದ ಚಹಾದ ಕಪ್ಪು ಇಟ್ಟಲ್ಲೇ ಇರುತ್ತಿತ್ತು. ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಹೆಸರಿಲ್ಲ.

ಅಡವಿಯೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಅವರು ದಿನಾ ಸಂಜೆ ಏಳರ ಸುಮಾರಿಗೆ ಕ್ವಾರ್ಟರ್ಸಿನಿಂದ ಒಂದು ದಿಬ್ಬದವರೆಗೆ ನಡೆದು ಹೋಗಿ, ಅಲ್ಲಿ ನಿಂತು ಫೋನ್ ಮಾಡುತ್ತಿದ್ದರು.

"ಉಂಡಿ?"

"ಇನ್ನಾ ಇಲ್ರಿ. ನೀವು?"

"ಈಗ ಹೋಗಿ ಉಣ್ತೀನಿ. ಮತ್ತೇನು?"

"ಮತ್ತೇನಿಲ್ಲ."

"ಇಡ್ಲಾ?"

"ಇಡ್ರಿ."

ಇಷ್ಟು ಮಾತಿಗಾಗಿ ಅವರು ಅಷ್ಟು ದೂರ ನಡೆಯುತ್ತಿದ್ದರು, ನಾನು ಅಷ್ಟು ಹೊತ್ತು ಕಾಯುತ್ತಿದ್ದೆ. ಅವರು ಕೆಟ್ಟವರಲ್ಲ. ಮಾತು ಕಡಿಮೆ, ಅಷ್ಟೇ. ನನಗೆ ಮಾತು ಜಾಸ್ತಿ, ಆದರೆ ಫೋನು ಕಿವಿಗೆ ಹಿಡಿದ ಕೂಡಲೇ ಅದೂ ಒಣಗಿ ಹೋಗುತ್ತಿತ್ತು.

ಗೊಂಬೆಗಳು ಬಂದದ್ದು ಸೊಲ್ಲಾಪುರದ ನನ್ನ ಅಕ್ಕನ ಮಗನಿಂದ. ಒಂದು ಬೇಸಿಗೆಗೆ ಬಂದವನು ದೊಡ್ಡ ಡಬ್ಬಿಯೊಂದನ್ನು ತಂದಿದ್ದ. ಅಡವಿಯೊಳಗೆ ಎರಡು ಪಡೆಗಳು ಕಾದಾಡುವ ಆಟ. ಗೊಂಬೆಗಳೆಲ್ಲ ಬಣ್ಣವಿಲ್ಲದೆ ಬೂದು ಬೂದಾಗಿದ್ದವು. "ಮೌಶಿ, ನಿನ್ನ ಕೈ ಭಾಳ ನಾಜೂಕ ಅದ, ಇವಕ್ಕ ಬಣ್ಣ ಹಚ್ಚಿ ಕೊಡು" ಎಂದು ಬಿಟ್ಟು ಹೋದ. ಆಮೇಲೆ ಕಾಲೇಜು ಸೇರಿದ, ಕ್ರಿಕೆಟ್ಟಿಗೆ ಬಿದ್ದ, ಡಬ್ಬಿಯನ್ನು ಮರೆತೇಬಿಟ್ಟ. ನಾನು ಮರೆಯಲಿಲ್ಲ. ಸಂಜೆ ಹೊತ್ತು ಒಂದೊಂದೇ ಸೈನಿಕನನ್ನು ಪೆನ್ಸಿಲಿನ ತುದಿಗೆ ಅಂಟಿಸಿಕೊಂಡು, ಎರಡೇ ಕೂದಲು ಉಳಿಸಿದ ಕುಂಚದಿಂದ ಹುಬ್ಬು ಬರೆದೆ, ಬೆಲ್ಟಿನ ಬಕ್ಕಲ್ಲು ಬರೆದೆ. ಎಲ್ಲ ಮುಗಿದ ದಿನ ಕೈ ಮತ್ತೆ ಖಾಲಿಯಾಯಿತು. ಬೇರೆ ದಾರಿ ಕಾಣದೆ ನಿಯಮದ ಪುಸ್ತಕ ಬಿಚ್ಚಿದೆ.

ಆಟ ಕಷ್ಟದ್ದಲ್ಲ. ಒಂದು ಪಡೆ ಅಡವಿಯ ಈ ತುದಿಯಿಂದ ಆ ತುದಿಯ ಹಳ್ಳಿಗೆ ಹೋಗಬೇಕು. ದಾಳ ಹಾಕಿ, ಬಂದಷ್ಟು ದೂರವನ್ನು ಟೇಪಿನಿಂದ ಅಳೆದು ಸೈನಿಕರನ್ನು ನಡೆಸಬೇಕು. ಇನ್ನೊಂದು ಪಡೆ ಕಾಣಿಸುವುದಿಲ್ಲ. ಅದರ ಬದಲು ಗಿಡಗಳ ಬುಡದಲ್ಲಿ ಬೋರಲು ಹಾಕಿದ ಚೀಟಿಗಳಿರುತ್ತವೆ. ಕೆಲವು ಚೀಟಿಗಳ ಅಡಿಯಲ್ಲಿ ವೈರಿ ಇದ್ದಾನೆ, ಕೆಲವು ಬರೀ ಖಾಲಿ. ನಮ್ಮ ಸೈನಿಕನ ಕಣ್ಣಿಗೆ ಚೀಟಿ ಬಿದ್ದಾಗ ಮಾತ್ರ ಅದನ್ನು ತಿರುಗಿಸಬೇಕು. ಕಣ್ಣಿಗೆ ಬಿತ್ತೋ ಇಲ್ಲವೋ ಎಂದು ತಿಳಿಯಲು ಆಡುವವರು ಮೇಜಿನ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಗೊಂಬೆಯ ಹಿಂದಿನಿಂದ ನೋಡಬೇಕು. ನಡುವೆ ಗಿಡ ಅಡ್ಡ ಬಂದರೆ ಕಾಣಿಸಲಿಲ್ಲ ಎಂದೇ ಲೆಕ್ಕ. ವೈರಿ ಸಿಕ್ಕರೆ ಎರಡೂ ಕಡೆಗೆ ದಾಳ ಹಾಕಿ, ಕಡಿಮೆ ಬಿದ್ದ ಕಡೆಯವನನ್ನು ಮೇಜಿನಿಂದ ಎತ್ತಬೇಕು.

ಮೇಜಿಗೆ ತೊಂದರೆ ಇರಲಿಲ್ಲ. ಶಹಾಬಾದಿನಲ್ಲಿ ಕಲ್ಲಿಗೇನು ಬರ? ಪಡಸಾಲೆಯಲ್ಲಿ ಇಟ್ಟಿಗೆಯ ಎರಡು ಕಂಬದ ಮೇಲೆ ಉದ್ದನೆಯ ಫರ್ಸಿ ಕಲ್ಲೊಂದು ಮೊದಲೇ ಇತ್ತು. ಅದರ ಮೇಲೆ ಥರ್ಮಾಕೋಲ್ ಹಾಸಿ ಬಣ್ಣ ಬಳಿದೆ, ನಡುವೆ ನೀಲಿಯಲ್ಲಿ ಒಂದು ಹಳ್ಳ ಬರೆದೆ, ಬಂಡೆಗಳೆಂದು ಕಲ್ಲಿನ ಚೂರು ಇಟ್ಟೆ. ಗಿಡಗಳಿಗೆ ಒಳ್ಳೆಯ ಕಡ್ಡಿ ಬೇಕಿತ್ತು. ಗಂಡ ಅಡವಿಯಲ್ಲೇ ಇರುವಾಗ ಕಡ್ಡಿಗೆ ಬೇರೆಯವರನ್ನು ಯಾಕೆ ಕೇಳಬೇಕು ಎಂದು ಫೋನಿನಲ್ಲಿ ಹೇಳಿದೆ. "ಅಡವಿದು ಕಡ್ಡಿ ತರಾಕ ಬರಂಗಿಲ್ಲ" ಎಂದರು. "ಉದುರಿ ಬಿದ್ದಿದ್ದು ತರ್ರಿ" ಎಂದೆ. "ಉದುರಿದ್ದೂ ಅಡವಿದೇ" ಎಂದರು. ಇಂಥ ಸತ್ಯಸಂಧನನ್ನು ಕಟ್ಟಿಕೊಂಡ ಮೇಲೆ ಮಾಡುವುದೇನು? ಭಂಕೂರಿನಿಂದ ಬರುವ ಸಹಶಿಕ್ಷಕಿಯೊಬ್ಬರಿಗೆ ಮಕ್ಕಳ ಪ್ರಾಜೆಕ್ಟಿಗೆ ಬೇಕೆಂದು ಸುಳ್ಳು ಹೇಳಿ, ಒಣಗಿದ ತೊಗರಿ ಕಟ್ಟಿಗೆಯ ತುದಿಗಳನ್ನು ತರಿಸಿದೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರನ್ನು ಕತ್ತರಿಸಿ ಎಲೆ ಮಾಡಿದೆ. ಒಂದೊಂದು ಕಡ್ಡಿಯನ್ನೂ ಥರ್ಮಾಕೋಲಿಗೆ ಚುಚ್ಚಿ ನಿಲ್ಲಿಸಿದಾಗ ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡೆ.

ಆ ಶನಿವಾರ ಗಂಡ ಮನೆಗೆ ಬಂದವರು ಕೈಕಾಲು ತೊಳೆದು, ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಮೇಜಿನ ಮುಂದೆ ನಿಂತರು. ಸ್ವಲ್ಪ ಹೊತ್ತು ನೋಡಿ ನಗಲು ಶುರು ಮಾಡಿದರು. ಸುಮ್ಮನೆ ಮುಗುಳ್ನಗೆಯಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಗುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ನಗಲಿಕ್ಕೇನಾತ್ರಿ?" ಎಂದೆ, ಸಿಟ್ಟಿನಿಂದ.

"ಇದೇನು ಅಡವಿ ಏನ? ತೊಗರಿ ಹೊಲ. ಕೂರಿಗಿ ಹಿಡದು ಬಿತ್ತಿದಂಗ ಹಚ್ಚೀದಿ ನೋಡು."

ನೋಡಿದೆ. ಹೌದು. ಒಂದು ಗಿಡಕ್ಕೂ ಇನ್ನೊಂದು ಗಿಡಕ್ಕೂ ಅದೇ ಅಂತರ, ಸಾಲಿಗೂ ಸಾಲಿಗೂ ಅದೇ ಅಂತರ. ಅಂಚಿಗೆ ಬದು ಕೂಡ ಬಿಟ್ಟಿದ್ದೆ. ಈ ತುದಿಯಲ್ಲಿ ಬಗ್ಗಿದರೆ ಆ ತುದಿಯ ವೈರಿಯ ಬೂಟಿನ ದಾರ ಕಾಣಿಸುತ್ತಿತ್ತು. ನಾನು ದಂಡೋತಿಯವಳು. ಕಾಗಿಣಾ ದಂಡೆಯ ಎರೆಹೊಲದಲ್ಲಿ ಹುಟ್ಟಿದವಳ ಕೈಗೆ ಗಿಡ ಕೊಟ್ಟರೆ ಅದು ಸಾಲು ಹಿಡಿಯದೆ ಇನ್ನೇನು ಮಾಡೀತು? ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದಾಗ ನಾವು ಮಕ್ಕಳು ಆಳೆತ್ತರದ ತೊಗರಿಯಲ್ಲಿ ಅಡಗಿಕೊಳ್ಳುತ್ತಿದ್ದೆವು. ಅಪ್ಪ ಹುಡುಕಲು ಒಳಗೆ ಬರುತ್ತಲೇ ಇರಲಿಲ್ಲ. ಬದುವಿನ ಮೇಲೆ ನಡೆಯುತ್ತ ಒಂದೊಂದು ಸಾಲಿನ ತುದಿಯಲ್ಲೂ ಬಗ್ಗಿ ನೋಡುತ್ತಿದ್ದ. "ಕಾಣಸ್ತು ನೋಡವ್ವ ನಿನ್ನ ಕಾಲು" ಎನ್ನುತ್ತಿದ್ದ. ಸಿಕ್ಕಿಬಿದ್ದದ್ದಕ್ಕೆ ನನಗೆ ಎಂದೂ ಬೇಜಾರಾಗುತ್ತಿರಲಿಲ್ಲ. ಖುಷಿಯೇ ಆಗುತ್ತಿತ್ತು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅವರೇ ಗಿಡಗಳನ್ನೆಲ್ಲ ಕಿತ್ತು ಹೊಸದಾಗಿ ನೆಟ್ಟರು. ನೆಡುತ್ತಾ ಮಾತಾಡಿದರು. ಹಳ್ಳದ ಗುಂಟ ಗಿಡ ಒತ್ತಾಗಿ ಬರುತ್ತವೆ, ಬಂಡೆ ಇದ್ದಲ್ಲಿ ತೆಳ್ಳಗಾಗುತ್ತವೆ, ದೊಡ್ಡ ಗಿಡದ ಬುಡದಲ್ಲಿ ಸಣ್ಣವು ಬದುಕುವುದಿಲ್ಲ, ದನ ನಡೆದು ನಡೆದು ಆದ ದಾರಿ ಎಂದೂ ನೆಟ್ಟಗಿರುವುದಿಲ್ಲ. "ಅಡವ್ಯಾಗ ಯಾರೂ ಬಿತ್ತಂಗಿಲ್ಲ. ಬಿದ್ದಲ್ಲಿ ಹುಟ್ತದ" ಎಂದರು. ಇಷ್ಟು ವರ್ಷ ಅವರು ಇರುವ ಜಾಗ ಹೇಗಿದೆ ಎಂದು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ನಾನು ಗಿಡ ಎತ್ತಿ ಕೊಡುತ್ತಾ ಸುಮ್ಮನೆ ಕೇಳಿಸಿಕೊಂಡೆ. ನಡುವೆ ಮಾತಾಡಿದರೆ ನಿಲ್ಲಿಸಿಬಿಡುತ್ತಾರೆ ಎಂಬ ಹೆದರಿಕೆ ನನಗೆ.

ಆದರೂ ಆಟಕ್ಕೆ ಒಂದು ಕೊರತೆ ಉಳಿದಿತ್ತು. ಎದುರಾಳಿ ಇಲ್ಲ. ಚೀಟಿಗಳನ್ನು ನಾನೇ ಇಟ್ಟರೆ ವೈರಿ ಎಲ್ಲಿದ್ದಾನೆಂದು ನನಗೇ ಗೊತ್ತು. ಕಲಸಿ ಇಟ್ಟರೆ ಗೊತ್ತಾಗುವುದಿಲ್ಲ, ನಿಜ. ಹಾಗೂ ಆಡಿ ನೋಡಿದ್ದೆ. ವೈರಿ ಸಿಕ್ಕರೂ ಖುಷಿಯಿಲ್ಲ, ತಪ್ಪಿಸಿಕೊಂಡರೂ ಖುಷಿಯಿಲ್ಲ. ಇವಳು ಈ ದಾರಿಯಲ್ಲಿ ಬರುತ್ತಾಳೆ, ಇಲ್ಲಿ ನಿಲ್ಲುತ್ತಾಳೆ ಎಂದು ನನ್ನನ್ನು ನೆನೆದು ಇಟ್ಟವರು ಯಾರೂ ಇರಲಿಲ್ಲ. ಅದು ಅರಿವಾದ ದಿನ ನಾನು ದಾಳ ಕೆಳಗಿಟ್ಟು ಎದ್ದು ಹೋಗಿ ಅಡುಗೆಮನೆಯಲ್ಲಿ ಅತ್ತಿದ್ದೆ.

ಸೋಮವಾರ ಬೆಳಿಗ್ಗೆ ಅವರು ಹೊರಡುವ ಮುಂಚೆ ಚೀಟಿಗಳನ್ನು ಅವರ ಕೈಗೆ ಕೊಟ್ಟೆ.

"ನಾ ಒಳಗ ಹೋಗ್ತೀನಿ. ನಿಮಗ ತಿಳದಲ್ಲಿ ಇಟ್ಟು ಹೋಗ್ರಿ."

"ನನಗೇನು ಬರ್ತದ ಇದು?"

"ನಾ ಎಲ್ಲಿಂದ ಬರ್ತೀನಿ ಅಂತ ವಿಚಾರ ಮಾಡ್ರಿ, ಅಷ್ಟೇ."

ಅಡುಗೆಮನೆಯಲ್ಲಿ ನಿಂತು ಕಾದೆ. ಐದು ನಿಮಿಷದ ಕೆಲಸ ಎಂದುಕೊಂಡಿದ್ದೆ. ಅವರು ಎಷ್ಟು ಹೊತ್ತು ಮಾಡಿದರೆಂದರೆ ಬಸ್ಸು ತಪ್ಪಿತು.

ಅಲ್ಲಿಂದ ನಮ್ಮ ಫೋನಿನ ಮಾತು ಬದಲಾಯಿತು. ದಿನಾ ಶಾಲೆಯಿಂದ ಬಂದು ನಾನು ಒಂದು ಸರದಿ ಮಾತ್ರ ಆಡುತ್ತಿದ್ದೆ. ಏಳಕ್ಕೆ ಫೋನು ಬರುತ್ತಿತ್ತು. ಉಂಡಿಯೇನು ಎಂದು ಕೇಳುವುದನ್ನು ಬಿಟ್ಟು, "ಎಲ್ಲಿಗಿ ಬಂದಿ?" ಎಂದು ಕೇಳುತ್ತಿದ್ದರು.

"ಬಂಡೆಗಲ್ಲು ದಾಟೀನ್ರಿ. ಈಗ ಎಡಕ್ಕ ಹೊಂಟೀನಿ."

"ಎಡಕ್ಕ? ಹ್ಞಾಂ. ಹೋಗು, ಹೋಗು."

ಆ "ಹೋಗು"ವಿನಲ್ಲಿ ಏನಿದೆ ಎಂದು ಮರುದಿನ ಶಾಲೆಯಲ್ಲಿ ಬೋರ್ಡಿನ ಮೇಲೆ ಹೂದಾನಿ ಬರೆಯುತ್ತಾ ಯೋಚಿಸುತ್ತಿದ್ದೆ. ಒಮ್ಮೆ ಹಳ್ಳ ದಾಟುವ ಜಾಗದಲ್ಲಿ ಚೀಟಿ ತಿರುಗಿಸಿದರೆ ವೈರಿ, ಪಕ್ಕದ್ದೂ ವೈರಿ, ಅದರ ಹಿಂದಿನದೂ ವೈರಿ. ಇಡೀ ಪಡೆಯನ್ನು ಅಲ್ಲೇ ಕೂರಿಸಿದ್ದರು. ನನ್ನ ಮಂದಿ ಒಬ್ಬನೂ ಉಳಿಯಲಿಲ್ಲ. ಫೋನಿನಲ್ಲಿ ಜಗಳ ತೆಗೆದೆ. "ನೀ ನೀರು ಕಂಡಲ್ಲಿ ಹೋಗೇ ಹೋಗ್ತಿ. ನನಗ ಗೊತ್ತಿಲ್ಲೇನು?" ಎಂದು ನಕ್ಕರು. ಸೋತದ್ದಕ್ಕೆ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ದೂರದ ಅಡವಿಯಲ್ಲಿದ್ದವರಿಗೆ ನನ್ನ ಕಾಲು ಯಾವ ಕಡೆ ಎಳೆಯುತ್ತದೆ ಎಂಬುದು ಗೊತ್ತಿತ್ತು.

ಒಂಟಿತನ ಹೋಯಿತು ಎಂದು ಹೇಳಲಾರೆ. ಬೀಗ ನಾನೇ ತೆಗೆಯುತ್ತಿದ್ದೆ, ಕಪ್ಪು ಇಟ್ಟಲ್ಲೇ ಇರುತ್ತಿತ್ತು. ಆದರೆ ಪಡಸಾಲೆಯಲ್ಲಿ ಬೋರಲು ಬಿದ್ದ ಚೀಟಿಗಳಲ್ಲಿ ಅವರು ಯೋಚಿಸಿ ಇಟ್ಟದ್ದೇನೋ ನನಗಾಗಿ ಕಾದಿರುತ್ತಿತ್ತು. ಬೇಗ ಮುಗಿದುಬಿಟ್ಟೀತೆಂದು ಬೇಕೆಂದೇ ನಿಧಾನ ನಡೆಯುತ್ತಿದ್ದೆ. ಮೋಸ ಮಾಡಿ ಚೀಟಿ ಎತ್ತಿ ನೋಡುವ ಮನಸ್ಸು ಒಂದು ದಿನವೂ ಬರಲಿಲ್ಲ.

ಆಮೇಲೆ ಅವರಿಗೆ ವರ್ಗವಾಯಿತು. ನಾವಿಬ್ಬರೂ ವರ್ಷಗಟ್ಟಲೆ ಬೇಡಿಕೊಂಡದ್ದೇ ಅದು. ಶಹಾಬಾದಿಗೆ ಹತ್ತಿರದ ಒಂದು ಸಸಿ ತೋಟಕ್ಕೆ ಹಾಕಿದರು. ದಿನಾ ಬೆಳಿಗ್ಗೆ ಮನೆಯಿಂದಲೇ ಹೋಗಿ ಸಂಜೆ ಆರಕ್ಕೆ ಮನೆಗೇ ಬರುವ ನೌಕರಿ. ಬಂದ ದಿನ ಹೋಳಿಗೆ ಮಾಡಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಂದೇ ಮಾತು: "ಇನ್ನೇನ್ರಿ ಟೀಚರ್, ಮನಿಯವರು ಬಂದ್ರು, ಆರಾಮಲ್ಲ?"

"ಆರಾಮ್ರಿ" ಎಂದೆ.

ಮೊದಲ ಭಾನುವಾರ ಎದುರುಬದುರು ಕುಳಿತು ಆಡಿದೆವು. ಅವರು ಚೀಟಿ ಇಟ್ಟರು, ನಾನು ದಾಳ ಹಾಕಿದೆ, ನಡೆದೆ, ತಿರುಗಿಸಿದೆ. ಹದಿನೈದು ದಿನ ನಡೆಯುತ್ತಿದ್ದ ಆಟ ಚಹಾ ಆರುವಷ್ಟರಲ್ಲಿ ಮುಗಿಯಿತು. "ಮುಗೀತಲ್ಲ" ಎಂದರು. "ಮುಗೀತ್ರಿ" ಎಂದೆ. ಇನ್ನೊಂದು ಆಟಕ್ಕೆ ಇಬ್ಬರೂ ಕೈ ಹಾಕಲಿಲ್ಲ. ಎಲ್ಲಿಗೆ ಬಂದೆ ಎಂದು ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ನಾನು ಎದುರಿಗೇ ಕುಳಿತಿದ್ದೆ.

ಅಡವಿಯಲ್ಲಿ ಅಷ್ಟು ವರ್ಷ ಒಬ್ಬರೇ ಇದ್ದು ಅವರಿಗೆ ಸುಮ್ಮನಿರುವುದು ರೂಢಿಯಾಗಿತ್ತು. ಸಂಜೆ ಬಂದು ಕಟ್ಟೆಯ ಮೇಲೆ ರಸ್ತೆ ನೋಡುತ್ತಾ ಕುಳಿತುಕೊಳ್ಳುತ್ತಿದ್ದರು. ನಾನು ಒಳಗೆ ಮಕ್ಕಳ ಡ್ರಾಯಿಂಗ್ ಶೀಟು ತಿದ್ದುತ್ತಿದ್ದೆ. "ಉಣ್ತೀರೇನು?" "ಹ್ಞೂಂ." ಊಟ. "ಸಾಕಾ?" "ಸಾಕು." ಈಗ ಕಪ್ಪು ಇಟ್ಟಲ್ಲಿ ಇರುತ್ತಿರಲಿಲ್ಲ. ಅವರೇ ತೊಳೆದಿಡುತ್ತಿದ್ದರು. ಆದರೂ ಬಾಗಿಲು ತೆಗೆದಾಗ ಎದೆ ಮೊದಲಿನ ಹಾಗೇ ಬರಿದಾಗಿರುತ್ತಿತ್ತು. ಗಂಡ ದೂರ ಇದ್ದಾಗ ಒಂಟಿ ಎಂದರೆ ನಾಲ್ಕು ಜನ ಅಯ್ಯೋ ಎನ್ನುತ್ತಾರೆ. ಗಂಡ ಮನೆಯಲ್ಲೇ ಇರುವಾಗ ಒಂಟಿ ಎಂದು ಯಾರ ಮುಂದೆ ಹೇಳಲಿ? ಅವರ ಮುಂದಂತೂ ಹೇಳುವ ಹಾಗಿರಲಿಲ್ಲ. ಮೇಜಿನ ಮೇಲೆ ಧೂಳು ಕೂತಿತು. ಜೇಡವೊಂದು ಎರಡು ಗಿಡಗಳ ನಡುವೆ ಬಲೆ ಕಟ್ಟಿತು. ತೆಗೆಯಲು ಮನಸ್ಸಾಗಲಿಲ್ಲ.

ಇವರಿಗೆ ಅಡವಿಯೇ ಬೇಕಿತ್ತು, ನಾನು ಬೇಕಿರಲಿಲ್ಲ ಎಂದುಕೊಂಡೆ. ಹಾಗೆಂದುಕೊಂಡು ಎಷ್ಟೋ ದಿನ ಕಳೆದೆ. ಮಾತಿಗೆ ಮಾತು ಕೊಡದವರ ಮೇಲೆ ಸಿಡುಕುವುದೂ ಕಷ್ಟ. ಸಿಡುಕಿದರೆ ಅದನ್ನೂ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು.

ಒಂದು ಸಂಜೆ ಹಿತ್ತಲ ಕಿಟಕಿಯಿಂದ ನೋಡಿದೆ. ಅವರು ಕಟ್ಟೆಯಿಂದ ಎದ್ದು, ಮನೆಯ ಪಕ್ಕದಿಂದ ಬಳಸಿ ಹಿತ್ತಲಿಗೆ ಬಂದು, ಕಾಂಪೌಂಡಿನ ತುದಿಯ ಬೇವಿನ ಗಿಡದವರೆಗೆ ನಡೆದು ಹೋದರು. ಅಲ್ಲಿ ನಿಂತು ಜೇಬಿನಿಂದ ಫೋನು ತೆಗೆದರು. ಪರದೆಯ ಬೆಳಕು ಮುಖದ ಮೇಲೆ ಬಿತ್ತು. ಯಾರಿಗೂ ಫೋನ್ ಮಾಡಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಾ ನಿಂತು, ಸ್ವಲ್ಪ ಹೊತ್ತಿನ ಮೇಲೆ ಜೇಬಿಗೆ ಹಾಕಿಕೊಂಡು ಬಂದ ದಾರಿಯಲ್ಲೇ ಹೋಗಿ ಮತ್ತೆ ಕಟ್ಟೆಯ ಮೇಲೆ ಕುಳಿತರು. ಗಡಿಯಾರ ನೋಡಿದೆ. ಏಳು.

ಮರುದಿನವೂ ಅದೇ ಹೊತ್ತಿಗೆ ಹೋದರು. ಅದರ ಮರುದಿನವೂ ಹೋದರು. ನನ್ನ ಫೋನು ನನ್ನ ಕೈಯಲ್ಲೇ ಇತ್ತು. ಮಾಡಲಿ, ಒಮ್ಮೆ ಮಾಡಲಿ ಎಂದು ಕಿಟಕಿಯ ಹಿಂದೆ ನಿಂತು ಕಾದೆ. ಮನೆಯೊಳಗಿನ ಹೆಂಡತಿಗೆ ಫೋನ್ ಮಾಡಲು ಅವರಿಗೆ ನಾಚಿಕೆ ಇದ್ದಿರಬೇಕು. ನನಗೂ ಇತ್ತು. ಇವರು ನನ್ನ ಹಾಗೆಯೇ ಒಬ್ಬರೇ ಇದ್ದಾರೆ ಎಂಬುದು ಆಗ ತಿಳಿಯಿತು. ತಿಳಿದು ಸಮಾಧಾನವೇನೂ ಆಗಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಬೇರೆ ಬೇರೆ ಗಿಡದ ಹಿಂದೆ ಕೂತಿದ್ದೆವು.

ಆ ಶನಿವಾರ ಶಾಲೆ ಬೇಗ ಬಿಟ್ಟಿತು. ಮನೆಗೆ ಬಂದವಳೇ ಮೇಜಿನ ಧೂಳು ಒರೆಸಿದೆ, ಜೇಡರ ಬಲೆ ತೆಗೆದೆ. ಅವರು ಅಷ್ಟು ಯೋಚಿಸಿ ನೆಟ್ಟ ಗಿಡಗಳನ್ನೆಲ್ಲ ಕಿತ್ತು ರಾಶಿ ಹಾಕಿದೆ. ಕೀಳುವಾಗ ಸ್ವಲ್ಪ ಸಂಕಟವಾಯಿತು. ಆಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದು, ಅಂತರ ಅಳೆದು, ಒಂದೊಂದೇ ಕಡ್ಡಿಯನ್ನು ಸಾಲಾಗಿ ಚುಚ್ಚಿದೆ. ಚೀಟಿಗಳನ್ನೂ ಸೈನಿಕರನ್ನೂ ಡಬ್ಬಿಗೆ ಹಾಕಿ ಮುಚ್ಚಿದೆ. ಮೇಜಿನ ಮೇಲೆ ಗಿಡಗಳನ್ನು ಬಿಟ್ಟರೆ ಏನೂ ಉಳಿಯಲಿಲ್ಲ.

ಆರಕ್ಕೆ ಬಂದರು. ಟವೆಲ್ಲು ಹೆಗಲಿಗೆ ಹಾಕಿಕೊಂಡು ಮೇಜಿನ ಆ ತುದಿಯಲ್ಲಿ ನಿಂತರು. ಬಹಳ ಹೊತ್ತು ನೋಡಿದರು. ಈ ಸಲ ನಗಲಿಲ್ಲ.

"ಮತ್ತ ತೊಗರಿ ಹೊಲ ಮಾಡೀದಿ?"

"ಹ್ಞೂಂ."

"ಇದರಾಗ ಯಾರಿಗೂ ಅಡಗಲಿಕ್ಕ ಬರಂಗಿಲ್ಲ. ಆಟ ಹ್ಯಾಂಗ ಆಡ್ತಿ?"

"ಆಟಕ್ಕಲ್ರಿ. ಕಾಣಸ್ಲಿ ಅಂತ ಹಚ್ಚೀನಿ."

ಅವರು ನನ್ನನ್ನು ನೋಡಿದರು, ಮೇಜನ್ನು ನೋಡಿದರು. ಆಮೇಲೆ ನಿಧಾನವಾಗಿ, ಮೊಣಕಾಲಿಗೆ ಕೈ ಊರಿ, ಕಲ್ಲಿನ ಮಟ್ಟಕ್ಕೆ ಬಗ್ಗಿದರು. ನಾನು ಈ ತುದಿಯಲ್ಲಿ ಬಗ್ಗಿದೆ. ತೊಗರಿ ಸಾಲಿನ ಆಚೆ ತುದಿಯಲ್ಲಿ ಅವರ ಒಂದು ಕಣ್ಣು, ನೆರೆತ ಹುಬ್ಬು, ಮೂಗಿನ ಅಂಚು ಕಾಣಿಸಿತು. ಆ ಹುಬ್ಬು ಯಾವಾಗ ನೆರೆಯಿತೋ ನಾನು ನೋಡಿರಲಿಲ್ಲ.

"ಕಾಣಸ್ಲಿಕತ್ತೀನಿ?" ಎಂದು ಕೇಳಿದರು.

"ಕಾಣಸ್ಲಿಕತ್ತೀರಿ" ಎಂದೆ.

ಬೆನ್ನು ನೋಯುತ್ತಿದ್ದರೂ ಯಾರೂ ಮೊದಲು ಏಳಲಿಲ್ಲ. ಏಳು ಗಂಟೆಯಾದಾಗ ಅವರು ಹಿತ್ತಲಿಗೆ ಹೋಗಲಿಲ್ಲ.